ಗಾಜಿನ ಮೇಲೆ ಅತ್ತೆಯ ಮುಖ: ವೆಟ್ ಪ್ಲೇಟ್ ಫೋಟೋಗೆ ಕೈಹಾಕುವವರಿಗೆ

ನನ್ನ ಬೆರಳ ತುದಿಗಳೆಲ್ಲ ಕಪ್ಪಾಗಿರುವುದನ್ನು ನೋಡಿ ಹಾಲಿನ ಬೂತಿನ ಹುಡುಗ, "ಏನ್ ಸಾರ್, ಊರಲ್ಲಿರೋ ಅಷ್ಟೂ ಬೂತಲ್ಲಿ ವೋಟ್ ಹಾಕ್ಬಂದ್ರಾ?" ಎಂದ. ತಮಾಷೆಗೆ ಅಂದಿದ್ದು, ಆದರೆ ಅವನ ಊಹೆ ತೀರಾ ದೂರದ್ದೇನಲ್ಲ. ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿಯಲ್ಲಿರುವುದೂ ನನ್ನ ಕೈಗೆ ಹತ್ತಿದ್ದೂ ಒಂದೇ ವಸ್ತು, ಸಿಲ್ವರ್ ನೈಟ್ರೇಟ್. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗಿನ ಕಾರ್ಖಾನೆಯಾಗಿ ಶುರುವಾದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ 1962ರ ಚುನಾವಣೆಯಿಂದ ಅದನ್ನು ಒದಗಿಸುತ್ತ ಬಂದಿದೆ. ಬೆಳಕು ಬಿದ್ದರೆ ಕಪ್ಪಾಗುವುದು, ಕಪ್ಪಾದ ಮೇಲೆ ಚರ್ಮ ಸವೆಯುವ ತನಕ ಬಿಡದಿರುವುದು ಈ ಬೆಳ್ಳಿ ಉಪ್ಪಿನ ಸ್ವಭಾವ. ಆ ಸ್ವಭಾವವನ್ನೇ ನಂಬಿಕೊಂಡು 1850ರ ದಶಕದಿಂದ ಸುಮಾರು ಮೂವತ್ತು ವರ್ಷ ಲೋಕದ ಮುಖಗಳನ್ನು ಗಾಜಿನ ಮೇಲೆ ಹಿಡಿದರು. ನಾನೂ ಒಂದು ಮುಖ ಹಿಡಿಯಬೇಕೆಂದು ಹೊರಟೆ. ನನ್ನ ಸೋದರತ್ತೆಯ ಮುಖ.

ಅಂದುಕೊಂಡದ್ದಕ್ಕಿಂತ ಬಹಳ ಕಾಲ ಹಿಡಿಯಿತು, ದುಡ್ಡೂ ಹೋಯಿತು. ಕೊನೆಗೆ ಪ್ಲೇಟು ಬಂತು. ನೀವೂ ಕೈಹಾಕುವ ಯೋಚನೆಯಲ್ಲಿದ್ದರೆ ಒಂದು ಗ್ರಾಂ ರಾಸಾಯನಿಕ ಕೊಳ್ಳುವ ಮೊದಲು ಇದನ್ನು ಓದಿ.

ವಿಧಾನದ ಹೆಸರು ವೆಟ್ ಕೊಲೋಡಿಯನ್. ಅದನ್ನು 1851ರಲ್ಲಿ ಪ್ರಕಟಿಸಿದವನು ಫ್ರೆಡರಿಕ್ ಸ್ಕಾಟ್ ಆರ್ಚರ್, ಲಂಡನ್ನಿನಲ್ಲಿದ್ದ ಶಿಲ್ಪಿ. ಎದೆಮಟ್ಟದ ಶಿಲ್ಪ ಕಡೆಯುವಾಗ ಎದುರು ಕೂತವರ ಫೋಟೋ ಇದ್ದರೆ ಅನುಕೂಲ ಎಂದು ಕ್ಯಾಮೆರಾ ಹಿಡಿದವನು. ಅಂದರೆ ಈ ವಿಧಾನ ಹುಟ್ಟಿದ್ದೇ ಮುಖಕ್ಕಾಗಿ. ಪೇಟೆಂಟ್ ಮಾಡಿಸಲಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟ, 1857ರಲ್ಲಿ ಬಡವನಾಗಿಯೇ ತೀರಿಹೋದ. ಕ್ರಮ ಹೇಳುವುದಕ್ಕೆ ಸುಲಭ. ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದ ಗನ್‌ಕಾಟನ್‌ಗೆ (ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿ) ಅಯೊಡೈಡ್, ಬ್ರೋಮೈಡ್ ಲವಣ ಸೇರಿಸಿರುತ್ತಾರೆ, ಅದು ಕೊಲೋಡಿಯನ್. ಅದನ್ನು ಗಾಜಿನ ಮೇಲೆ ಸುರಿದು ಹರಡಬೇಕು, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಮೂರ್ನಾಲ್ಕು ನಿಮಿಷ ಮುಳುಗಿಸಬೇಕು, ಒದ್ದೆಯಿರುವಾಗಲೇ ಕ್ಯಾಮೆರಾದಲ್ಲಿಟ್ಟು ಬೆಳಕಿಗೆ ಒಡ್ಡಬೇಕು, ಒದ್ದೆಯಿರುವಾಗಲೇ ಡೆವಲಪ್ ಮಾಡಬೇಕು, ಅಂದರೆ ಅಡಗಿರುವ ಚಿತ್ರವನ್ನು ರಾಸಾಯನಿಕದಿಂದ ಹೊರತರಬೇಕು. ಒಣಗಿತೋ, ಕೆಟ್ಟಿತು. ಎಲ್ಲ ಸೇರಿ ಹತ್ತು ನಿಮಿಷದ ಆಟ.

ಆ ಹತ್ತು ನಿಮಿಷಕ್ಕೆ ಬೇಕಾದ ಸಾಮಾನು ಸೇರಿಸುವುದರಲ್ಲೇ ನನ್ನ ತಲೆ ಹಣ್ಣಾಗಿದ್ದು.

ಮೊದಲು ಸಿಲ್ವರ್ ನೈಟ್ರೇಟ್. ಪ್ರಯೋಗಾಲಯಗಳಿಗೆ ರಾಸಾಯನಿಕ ಮಾರುವ ಅಂಗಡಿಗೆ ಹೋಗಿ ಕೇಳಿದರೆ "ಯಾವ ಕಾಲೇಜು?" ಎನ್ನುತ್ತಾರೆ. ಕಾಲೇಜಲ್ಲ, ಫೋಟೋ ತೆಗೆಯುವುದಕ್ಕೆ ಎಂದರೆ ಮೇಲಿಂದ ಕೆಳಗೆ ನೋಡುತ್ತಾರೆ. ಬಿಡಿ ವ್ಯಕ್ತಿಗಳಿಗೆ ಕೊಡುವುದಿಲ್ಲ, ಸಂಸ್ಥೆಯ ಲೆಟರ್‌ಹೆಡ್ ತನ್ನಿ ಎಂದರು. ನಮ್ಮ ಬಡಾವಣೆಯಲ್ಲಿ ಸ್ಟುಡಿಯೋ ನಡೆಸಿ ಈಗ ಮುಚ್ಚಿಕೊಂಡು ಕೂತಿರುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಸ್ಟುಡಿಯೋ ರಾಯರು ಎನ್ನುತ್ತೇವೆ. ಅವರ ಬಳಿ ಓಡಿದೆ. ಅಟ್ಟದಿಂದ ಹಳೆಯ ಲೆಟರ್‌ಹೆಡ್ ತೆಗೆದು, ಇಂಥವರಿಗೆ ಇಂಥ ಕೆಲಸಕ್ಕೆ ಬೇಕಾಗಿದೆ ಎಂದು ಚೆಂದದ ಅಕ್ಷರದಲ್ಲಿ ಬರೆದುಕೊಟ್ಟರು. ಅದರ ಮೇಲಿದ್ದ ಫೋನ್ ನಂಬರಿಗೆ ಐದೇ ಅಂಕಿ. ಅಂಗಡಿಯವರು ನಕ್ಕರು, ಜಿಎಸ್‌ಟಿ ಸಂಖ್ಯೆ ಇಲ್ಲವಲ್ಲ ಎಂದು ವಾಪಸ್ ಕೊಟ್ಟರು. ಕೊನೆಗೆ ದಾರಿಯಾಗಿದ್ದು ಉದ್ಯಮ್ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲಿನಲ್ಲಿ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು. ಪೂರ್ತಿ ಉಚಿತ. ಸರ್ಕಾರಿ ಪೋರ್ಟಲಿನಂತೆಯೇ ಕಾಣುವ, ದುಡ್ಡು ಕೇಳುವ ಖಾಸಗಿ ತಾಣಗಳೂ ಬೇಕಾದಷ್ಟಿವೆ, ಅಲ್ಲಿ ಸಿಕ್ಕಿಕೊಳ್ಳಬೇಡಿ. ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದ ನಾನು ಹೀಗೆ ಅರವತ್ತೆರಡನೇ ವಯಸ್ಸಿನಲ್ಲಿ ಸೂಕ್ಷ್ಮ ಉದ್ಯಮಿಯಾದೆ. ಆ ಪ್ರಮಾಣಪತ್ರ, ಗುರುತಿನ ಚೀಟಿಯ ಪ್ರತಿ, ಯಾವ ಉಪಯೋಗಕ್ಕೆ ಎಂಬ ಸಹಿ ಮಾಡಿದ ಪತ್ರ, ಈ ಮೂರನ್ನೂ ಕೊಟ್ಟ ಮೇಲೆ ಇನ್ನೊಂದು ಅಂಗಡಿಯವರು ಒಪ್ಪಿದರು. ಸರಕು ಬೆಂಗಳೂರಿನಿಂದ ಬರಬೇಕು ಎಂದು ಮತ್ತೆ ಕಾಯಿಸಿದರು.

ದರದ ವಿಷಯ. ಸಿಲ್ವರ್ ನೈಟ್ರೇಟ್‌ನ ತೂಕದಲ್ಲಿ ಸುಮಾರು 63.5% ಬೆಳ್ಳಿಯೇ ಇರುತ್ತದೆ. ಹಾಗಾಗಿ ಚಿನ್ನಬೆಳ್ಳಿ ಅಂಗಡಿಯ ಫಲಕದಲ್ಲಿ ಬೆಳ್ಳಿ ಏರಿದರೆ ಇದೂ ಏರುತ್ತದೆ. ಒಂದು ಲೀಟರ್ ದ್ರಾವಣಕ್ಕೆ 90 ಗ್ರಾಂ ಬೇಕು. 100 ಗ್ರಾಂ ಬಾಟಲಿಗೆ ನಾನು ಕೊಟ್ಟಿದ್ದು ಹತ್ತು ಸಾವಿರದ ಆಸುಪಾಸು. ಸಮಾಧಾನವೆಂದರೆ ಇದು ಒಂದೇ ಸಲ ಹಾಕುವ ಬಂಡವಾಳ. ಸೋಸಿ, ಬಿಸಿಲಿಗಿಟ್ಟು, ಆಗಾಗ ಸ್ವಲ್ಪ ಬೆಳ್ಳಿ ಸೇರಿಸಿಕೊಂಡು ವರ್ಷಗಟ್ಟಲೆ ಬಳಸಬಹುದು.

ಕೊಲೋಡಿಯನ್ ಇನ್ನೊಂದು ಪ್ರಕರಣ. ಔಷಧ ಅಂಗಡಿಗಳ ಮೂಲಕ ಸಿಗುವ 'ಫ್ಲೆಕ್ಸಿಬಲ್ ಕೊಲೋಡಿಯನ್' ತರಬೇಡಿ. ಅದರಲ್ಲಿ ಹರಳೆಣ್ಣೆ, ಕರ್ಪೂರ ಸೇರಿರುತ್ತದೆ, ನಮ್ಮ ಕೆಲಸಕ್ಕೆ ಬರುವುದಿಲ್ಲ. ನೀವೇ ಮಾಡಿಕೊಳ್ಳುತ್ತೀರಾದರೆ ಈಥರ್ ಬೇಕು, ಶುದ್ಧ ಎಥನಾಲ್ ಬೇಕು. ಎಥನಾಲ್ ಎಂದ ಕೂಡಲೇ ಅಬಕಾರಿ ಪರವಾನಗಿಯ ಮಾತು ಬರುತ್ತದೆ. ಆ ಬಾಗಿಲು ತಟ್ಟುವ ಧೈರ್ಯ ನನಗಿರಲಿಲ್ಲ. ಬೆಂಗಳೂರಿನಲ್ಲಿ ಪರವಾನಗಿ ಇಟ್ಟುಕೊಂಡು ಇದನ್ನೇ ಮಾಡುವ ಗೆಳೆಯರೊಬ್ಬರಿದ್ದಾರೆ. ಒಂದು ಶನಿವಾರ, ಭಾನುವಾರ ಅವರಲ್ಲಿ ಕೈಕೆಲಸ ಕಲಿತು, ಲವಣ ಸೇರಿಸಿ ಸಿದ್ಧವಾಗಿದ್ದ ಕೊಲೋಡಿಯನ್ ಅನ್ನೇ ಕೊಂಡುಕೊಂಡೆ. ಕೊರಿಯರ್‌ನವರು ಇದನ್ನು ಮುಟ್ಟುವುದಿಲ್ಲ, ಬಸ್ಸು, ರೈಲಿನಲ್ಲಿ ಒಯ್ಯುವಂತೆಯೂ ಇಲ್ಲ. ಬೆಂಕಿಗೆ ಅಷ್ಟು ಹತ್ತಿರದ ವಸ್ತು. ಐಸ್ ತುಂಬಿದ ಡಬ್ಬದಲ್ಲಿಟ್ಟು, ಕಾರಿನ ಕಿಟಕಿ ತೆರೆದುಕೊಂಡೇ ಮೈಸೂರಿಗೆ ತಂದೆ.

ಡೆವಲಪರ್‌ಗೆ ಬೇಕಾದದ್ದು ಫೆರಸ್ ಸಲ್ಫೇಟ್, ನಮ್ಮ ಅಜ್ಜಂದಿರು ಅಳಲೆಕಾಯಿ ಜತೆ ಸೇರಿಸಿ ಶಾಯಿ ಮಾಡುತ್ತಿದ್ದ ಅನ್ನಭೇದಿ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವುದು ಕಂದುಬಣ್ಣಕ್ಕೆ ತಿರುಗಿರುತ್ತದೆ, ಬೇಡ. ತಿಳಿಹಸಿರು ಹರಳಿನ ಲ್ಯಾಬ್ ದರ್ಜೆಯದೇ ತನ್ನಿ, ಅಗ್ಗ. ಅದಕ್ಕೆ ಅಸಿಟಿಕ್ ಆಮ್ಲ, ಒಂದಿಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್. ಮೂಡಿದ ಚಿತ್ರ ಮತ್ತೆ ಬೆಳಕಿಗೆ ಕೆಡದಂತೆ ನಿಲ್ಲಿಸುವುದಕ್ಕೆ ಹಿಂದಿನವರು ಸಯನೈಡ್ ಬಳಸುತ್ತಿದ್ದರು. ಯಾರಾದರೂ ಅದರಿಂದಲೇ ಹೊಳಪು ಚೆನ್ನಾಗಿ ಬರುತ್ತದೆ ಎಂದರೆ ಕೈಮುಗಿದು ಎದ್ದು ಬನ್ನಿ. ಹೈಪೋ (ಸೋಡಿಯಂ ಥಯೋಸಲ್ಫೇಟ್) ಸಾಕು. ಎಕ್ಸ್‌ರೇ ಸಾಮಗ್ರಿ ಮಾರುವವರ ಬಳಿ ಈಗ ಅದು ಕಷ್ಟ, ಎಲ್ಲ ಡಿಜಿಟಲ್ ಆಗಿದೆ. ನನಗೆ ಸಿಕ್ಕಿದ್ದು ಅಕ್ವೇರಿಯಂ ಅಂಗಡಿಯಲ್ಲಿ. ಮೀನಿನ ತೊಟ್ಟಿಯ ನೀರಿನ ಕ್ಲೋರಿನ್ ತೆಗೆಯಲು ಹಾಕುವ ಹರಳು ಅದೇ.

ನೀರಿನ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಲ್ಲಿ ನೀರು, ಬೋರ್‌ವೆಲ್ ನೀರು ಎರಡರಲ್ಲೂ ಕ್ಲೋರೈಡ್ ಇರುತ್ತದೆ. ಬೆಳ್ಳಿ ದ್ರಾವಣಕ್ಕೆ ಅದು ತಗುಲಿದರೆ ಬೆಳ್ಳಗೆ ಒಡೆಯುತ್ತದೆ. ಒಂದು ಲೋಟ ನೀರಿಗೆ ಒಂದು ತೊಟ್ಟು ಸಿಲ್ವರ್ ನೈಟ್ರೇಟ್ ಬಿಡಿ. ಮಬ್ಬಾದರೆ ಆ ನೀರು ಬೇಡ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನುಗಳಲ್ಲೂ ಕೆಲವು ಮಬ್ಬಾದವು.

ಕ್ಯಾಮೆರಾ ಮಾತ್ರ ಪುಣ್ಯಕ್ಕೆ ಸುಲಭವಾಗಿ ಒದಗಿತು. ಸ್ಟುಡಿಯೋ ರಾಯರ ಬಳಿ ಕೇರಳದ ಆಲಪ್ಪುಳದ ವಾಗೀಶ್ವರಿ ಇತ್ತು, ತೇಗದ ಮರ, ಹಿತ್ತಾಳೆ, ಮುಸುಕು ಹಾಕಿಕೊಂಡು ನೋಡುವ ಹಾಫ್ ಪ್ಲೇಟ್ ಕ್ಯಾಮೆರಾ. 1940ರ ದಶಕದಿಂದ ಮುಂದೆ ದೇಶದ ಎಷ್ಟೋ ಸ್ಟುಡಿಯೋಗಳು ಇದರ ಮೇಲೆಯೇ ನಡೆದವು. ಅದರ ಡಾರ್ಕ್ ಸ್ಲೈಡ್, ಅಂದರೆ ಬೆಳಕು ತಾಗದಂತೆ ಫಿಲ್ಮ್ ಹಿಡಿದಿಡುವ ಚೌಕಟ್ಟು, ಫಿಲ್ಮಿಗೆ ಮಾಡಿದ್ದು, ಬೆಳ್ಳಿ ನೀರು ತೊಟ್ಟಿಕ್ಕುವ ಗಾಜಿಗಲ್ಲ. ಬಡಗಿಯ ಕೈಲಿ ಒಳಮೂಲೆಗಳನ್ನು ಕೊರೆಸಿ, ಮೂರ್ನಾಲ್ಕು ಸಲ ಅರಗು ಬಳಿಸಿದೆ. ಬಳಿಯದಿದ್ದರೆ ಮರದ ಟ್ಯಾನಿನ್ ಬೆಳ್ಳಿಗೆ ತಾಗಿ ಪ್ಲೇಟಿನ ಅಂಚಿಗೆ ಕಪ್ಪು ಗೆರೆ ಬೀಳುತ್ತದೆ.

ಇನ್ನು ಮನೆ. ನಮ್ಮ ಹಿಂದಿನ ಬಚ್ಚಲುಮನೆಗೆ ಕೆಂಪು ಜೀರೋ ಬಲ್ಬ್ ಹಾಕಿದರೆ ಕತ್ತಲ ಕೋಣೆ ಸಿದ್ಧ. ಕೊಲೋಡಿಯನ್‌ಗೆ ಕೆಂಪು ಕಾಣುವುದಿಲ್ಲ, ಆದ್ದರಿಂದ ನೀವು ನೋಡಿಕೊಂಡೇ ಕೆಲಸ ಮಾಡಬಹುದು. ಆದರೆ ಈಥರಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಹೋಗಿ ದೂರದ ಕಿಡಿಯನ್ನೂ ಹುಡುಕಿಕೊಳ್ಳುತ್ತದೆ. ಬಚ್ಚಲ ಪಕ್ಕದಲ್ಲೇ ದೇವರ ಮನೆ. "ನಿಮ್ಮ ಫೋಟೋಗೋಸ್ಕರ ನಾನು ನಂದಾದೀಪ ಆರಿಸಲ್ಲ" ಎಂದಳು ಹೆಂಡತಿ. ಅವಳ ಮಾತು ನ್ಯಾಯವೇ. ಹಾಗಾಗಿ ಕೊಲೋಡಿಯನ್ ಸುರಿಯುವ ಕೆಲಸ ತಾರಸಿಗೆ ಹೋಯಿತು. ಸುರಿದು ಮೆಟ್ಟಿಲಿಳಿದು ಬಚ್ಚಲಿಗೆ ಓಡುವಷ್ಟರಲ್ಲಿ ಅದು ಸರಿಯಾಗಿ ಹೆಪ್ಪುಗಟ್ಟುತ್ತಿತ್ತು. ಮತ್ತೊಂದು ತಕರಾರು ಮೊಟ್ಟೆಯದು. ಕೊಲೋಡಿಯನ್ ಪೊರೆ ಗಾಜಿನಿಂದ ಕಿತ್ತು ಬರದಿರಲಿ ಎಂದು ಅಂಚಿಗೆ ಮೊಟ್ಟೆಯ ಬಿಳಿ ಸವರುವುದು ವಾಡಿಕೆ. ನಮ್ಮ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವಂತಿಲ್ಲ. ಆ ಕಾಲದ ಕಾಗದದ ಪ್ರಿಂಟುಗಳಂತೂ ಮೊಟ್ಟೆಯ ಮೇಲೇ ನಿಂತಿದ್ದವು. ಜರ್ಮನಿಯ ಡ್ರೆಸ್ಡೆನ್‌ನ ಒಂದು ಕಾರ್ಖಾನೆ ದಿನಕ್ಕೆ 60,000 ಮೊಟ್ಟೆ ಒಡೆಯುತ್ತಿತ್ತು. ನಾನು ಗಾಜಿನ ಅಂಚನ್ನು ಸಾಣೆಕಲ್ಲಿನಲ್ಲಿ ಒರಟಾಗಿ ಉಜ್ಜಿಕೊಂಡೆ. ಅಷ್ಟರಿಂದಲೇ ಹಿಡಿಯಿತು.

ಎಲ್ಲ ಸಿದ್ಧವಾದಾಗ ಏಪ್ರಿಲ್.

ಈಥರ್ ಕುದಿಯುವುದು 34.6 ಡಿಗ್ರಿ ಸೆಲ್ಸಿಯಸ್‌ಗೆ. ಏಪ್ರಿಲ್ ಮಧ್ಯಾಹ್ನದ ಮೈಸೂರಿನ ತಾರಸಿ ಅದನ್ನು ಲೀಲಾಜಾಲವಾಗಿ ದಾಟುತ್ತದೆ. ಬಾಟಲಿಯ ಮುಚ್ಚಳ ತೆಗೆದರೆ ಬುಸ್ಸೆನ್ನುತ್ತಿತ್ತು. ಗಾಜಿನ ಮೇಲೆ ಸುರಿದದ್ದು ಇನ್ನೊಂದು ಮೂಲೆಗೆ ಹರಿಯುವ ಮೊದಲೇ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತಿತ್ತು. ಬೆಳಗಿನ ಆರಕ್ಕೆ ಎದ್ದು ನೋಡಿದೆ, ತಂಪಿತ್ತು, ಆದರೆ ಕೊಲೋಡಿಯನ್‌ಗೆ ಬೇಕಾದ ನೀಲಿ, ಅತಿನೇರಳೆ ಬೆಳಕು ಆ ಹೊತ್ತಿಗೆ ಸಾಲದು. ಜೂನ್ ಬಂದರೆ ಮೋಡ. ಸುಮ್ಮನೆ ಎಲ್ಲವನ್ನೂ ಮುಚ್ಚಿಟ್ಟು ಚಳಿಗಾಲಕ್ಕೆ ಕಾದೆ. ಕೊಲೋಡಿಯನ್ ಅಷ್ಟರಲ್ಲಿ ಹಳದಿಯಿಂದ ಜೇನುಬಣ್ಣಕ್ಕೆ, ಅಲ್ಲಿಂದ ಕೆಂಪಿಗೆ ತಿರುಗಿತ್ತು. ಹಳತಾದಷ್ಟೂ ನಿಧಾನ, ಆದರೆ ಕಪ್ಪುಬಿಳುಪು ಗಟ್ಟಿ. ಹಳೆಯದಕ್ಕೆ ಸ್ವಲ್ಪ ಹೊಸತು ಬೆರೆಸಿದರೆ ಸರಿಹೋಗುತ್ತದೆ.

ಕಾಯುತ್ತ ಕೂತ ಆ ತಿಂಗಳುಗಳಲ್ಲಿ ನನಗೊಂದು ವಿಷಯ ಹೊಳೆಯಿತು. ಮದ್ರಾಸ್ ಸೇನೆಯ ಲಿನಿಯಸ್ ಟ್ರೈಪ್ 1854ರ ಸುಮಾರಿಗೆ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಚಿತ್ರ ತೆಗೆದಾಗ ಗಾಜಿನ ವಿಧಾನ ಬಂದು ಮೂರು ವರ್ಷವಾಗಿತ್ತು. ಆತ ಬಳಸಿದ್ದು ಕಾಗದದ ನೆಗೆಟಿವ್. ಕಾಗದವನ್ನು ಮೊದಲೇ ಸಿದ್ಧಮಾಡಿ ಒಯ್ಯಬಹುದು, ನಮ್ಮ ಬಿಸಿಲನ್ನು ತಡೆಯುತ್ತದೆ. ನಿಧಾನವಾದರೂ ಹೊಯ್ಸಳೇಶ್ವರನ ಕಲ್ಲು ಅಲುಗಾಡುವುದಿಲ್ಲವಲ್ಲ. ಮನುಷ್ಯರು ಹಾಗಲ್ಲ. ಮುಖಕ್ಕೆ ಗಾಜೇ ಬೇಕಿತ್ತು.

ಡಿಸೆಂಬರಿನಲ್ಲಿ ಅಭ್ಯಾಸ ಶುರುವಾಯಿತು. ಎದುರುಮನೆಯ ಹುಡುಗ, ಬಡಗಿ, ನಾನು, ಕೊನೆಗೆ ಸ್ಟುಡಿಯೋ ರಾಯರು, ಹೀಗೆ ಸಿಕ್ಕವರನ್ನೆಲ್ಲ ಕೂರಿಸಿದೆ. ಎಲ್ಲರೂ ಇದ್ದದ್ದಕ್ಕಿಂತ ಕಪ್ಪಾಗಿ, ಒರಟಾಗಿ, ಹತ್ತು ವರ್ಷ ಹೆಚ್ಚು ವಯಸ್ಸಾದಂತೆ ಬಂದರು. ಇದು ಕೈಯ ದೋಷವಲ್ಲ. ಈ ಪೊರೆಗೆ ಕಾಣುವುದು ನೀಲಿ, ನೇರಳೆ, ಅತಿನೇರಳೆ ಮಾತ್ರ. ಕೆಂಪು, ಹಳದಿ, ಕಂದು ಅದಕ್ಕೆ ಕತ್ತಲೆ. ನಮ್ಮ ಮೈಬಣ್ಣದ ಕಂದೆಲ್ಲ ಆ ಕತ್ತಲೆಯೊಳಗೇ ಹೋಗುತ್ತದೆ. ಕುಂಕುಮ ಕಾಡಿಗೆಯಾಗುತ್ತದೆ. ಅರಿಶಿನ ಹಚ್ಚಿದ ಕೆನ್ನೆ ಮಸಿ ಬಳಿದಂತೆ ಬರುತ್ತದೆ. ಮುಡಿದ ಕನಕಾಂಬರ ಕಪ್ಪು, ಮಲ್ಲಿಗೆ ಮಾತ್ರ ಬೆಳ್ಳಗೆ. ನೀಲಿ ಅಂಗಿ ಬಿಳಿಯಾಗುತ್ತದೆ.

ಇದು ಬರೀ ತಾಂತ್ರಿಕ ತೊಡಕು ಎನ್ನಲು ನನ್ನ ಮನಸ್ಸು ಒಪ್ಪುತ್ತಿಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ 'ದ ಪೀಪಲ್ ಆಫ್ ಇಂಡಿಯಾ' ಎಂದು ಎಂಟು ಸಂಪುಟ ಹೊರತಂದಿತು. ನಾನೂರಕ್ಕೂ ಹೆಚ್ಚು ಫೋಟೋ, ಜಾತಿ, ಬುಡಕಟ್ಟು ಎಂದು ವಿಂಗಡಿಸಿ ಪ್ರತಿಯೊಂದಕ್ಕೂ ಷರಾ. ಜನರ ಬಗ್ಗೆ ಸಾಕ್ಷಿ ಎಂದು ಮುಂದಿಟ್ಟ ಚಿತ್ರಗಳವು. ಮೈಬಣ್ಣದ ವಿಷಯದಲ್ಲಿ ಆ ಕಾಲದ ಗಾಜಿನ ಮೇಲಿನ ಪೊರೆ ನಂಬಲರ್ಹ ಸಾಕ್ಷಿಯೇ ಅಲ್ಲ ಎಂಬುದು ನನ್ನ ಬಚ್ಚಲುಮನೆಯಲ್ಲೇ ಗೊತ್ತಾಯಿತು. ನಿಮ್ಮ ಮನೆಯ ಅಟ್ಟದಲ್ಲಿ ಮುತ್ತಜ್ಜಿಯ ಅಂಥ ಹಳೆಯ ಫೋಟೋ ಇದ್ದರೆ, "ಎಷ್ಟು ಕಪ್ಪಿದ್ರು ನೋಡು" ಎನ್ನುವ ಮೊದಲು ಇದನ್ನು ನೆನಪಿಡಿ.

ಉಪಾಯ ತಿಳಿದದ್ದು ಸ್ಟುಡಿಯೋ ರಾಯರಿಂದ. ನೇರ ಬಿಸಿಲಿಗೆ ಕೂರಿಸುವುದನ್ನು ಬಿಡಿಸಿ, ಉತ್ತರದ ಗೋಡೆಯ ನೆರಳಿಗೆ ತಂದರು. ಆಕಾಶದ ಬೆಳಕು ನೀಲಿ, ಅದೇ ನಮಗೆ ಬೇಕಾದದ್ದು. ಎಡಕ್ಕೆ ಬಿಳಿ ಪಂಚೆ ಕಟ್ಟಿದರು. ಎಕ್ಸ್‌ಪೋಷರ್ ಪುಸ್ತಕದಲ್ಲಿದ್ದ ನಾಲ್ಕು ಸೆಕೆಂಡಿನಿಂದ ಎಂಟಕ್ಕೆ ಏರಿತು. ಬಿಳಿ ಪಂಚೆ ಅತಿಯಾಗಿ ಬೆಳಗಿದರೂ ಪರವಾಗಿಲ್ಲ, ಮುಖ ಮುಖವಾಗಿ ಬರಲಿ ಎಂಬುದು ಅವರ ಲೆಕ್ಕ. ಲಂಡನ್ನಿನಲ್ಲಿ ರಿಚರ್ಡ್ ಬಿಯರ್ಡ್ 1841ರಲ್ಲಿ ಭಾವಚಿತ್ರದ ಸ್ಟುಡಿಯೋ ತೆರೆದಾಗ ಕಟ್ಟಡದ ಮೇಲ್ಛಾವಣಿಯಲ್ಲಿ ಗಾಜಿನ ಮನೆ ಮಾಡಿ, ನೀಲಿ ಗಾಜು ಹಾಕಿಸಿದ್ದನಂತೆ. ಕಣ್ಣಿಗೆ ಕುಕ್ಕದೆ ಪ್ಲೇಟಿಗೆ ತಲುಪುವ ಬೆಳಕು. ರಾಯರ ಪಂಚೆಯೂ ಅದೇ ವಂಶದ್ದು.

ಅತ್ತೆಗೆ ಜನವರಿಯಲ್ಲಿ ಬರಲು ಹೇಳಿದೆ. ಸೀರೆಯ ಮಾತು ಫೋನಿನಲ್ಲೇ ಶುರುವಾಯಿತು.

"ಧಾರೆ ಸೀರೆ ಉಟ್ಕೊಂಡ್ ಬರ್ತೀನಿ ಕಣೋ, ಕೆಂಪುದು."

"ಕೆಂಪು ಪೂರ್ತಿ ಕಪ್ಪಾಗುತ್ತೆ ಅತ್ತೆ. ಜರಿನೂ ಕಾಣಲ್ಲ."

"ಹಾಗಾದ್ರೆ ಆ ಆಕಾಶ ನೀಲಿ?"

"ಅದು ಬಿಳಿ ಸೀರೆ ಥರ ಬರುತ್ತೆ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. "ನಿಮ್ಮ ಮಾವ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಕಣೋ. ಬಿಳಿ ಸೀರೆ ಬೇಡಪ್ಪ." ಕೊನೆಗೆ ತೆಳು ನೇರಳೆಯೊಂದು ಹಸಿರು ಅಂಚಿನದು ಒಪ್ಪಿಗೆಯಾಯಿತು. ಅರಿಶಿನ ಬೇಡ ಎಂದು ಒಪ್ಪಿಸಿದೆ, ಕುಂಕುಮಕ್ಕೆ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ತಲೆ ಅಲುಗದಂತೆ ಹಿಡಿಯಲು ಹಿಂದಿನವರು ಕಬ್ಬಿಣದ ಕಂಬ ಇಟ್ಟುಕೊಂಡಿರುತ್ತಿದ್ದರು, ಕೂತವರ ಹಿಂದೆ ಕಾಣದಂತೆ. ನಾನು ಗುಜರಿಯಲ್ಲಿ ಸಿಕ್ಕ ಆಸ್ಪತ್ರೆಯ ಡ್ರಿಪ್ ಸ್ಟ್ಯಾಂಡಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಲಾಳದಾಕಾರದ ಪಟ್ಟಿ ಬೆಸೆಸಿ, ಬಟ್ಟೆ ಸುತ್ತಿದ್ದೆ. ಹಿಡಿದು ಬಿಗಿಯುವುದಕ್ಕಲ್ಲ ಅದು, ತಲೆಗೆ ಒಂದು ಆಸರೆ ಸಿಕ್ಕರೆ ಸಾಕು, ಕತ್ತು ತಾನಾಗಿ ನಿಲ್ಲುತ್ತದೆ. ಹಳೆಯ ಫೋಟೋಗಳಲ್ಲಿ ಯಾರೂ ನಗದಿರುವುದಕ್ಕೆ ಒಂದು ಕಾರಣ ಇಲ್ಲಿದೆ. 1839ರಲ್ಲಿ ಬಂದ, ಬೆಳ್ಳಿ ಲೇಪದ ತಗಡಿನ ಮೇಲೆ ಚಿತ್ರ ಹಿಡಿಯುವ ಡಾಗೆರೊಟೈಪ್‌ಗೆ ನಿಮಿಷಗಟ್ಟಲೆ ಕೂರಬೇಕಿತ್ತು. 1840ರಲ್ಲಿ ಯೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ರೂಪಿಸಿದ, ಹೆಚ್ಚು ಬೆಳಕು ಬಿಡುವ ಭಾವಚಿತ್ರದ ಲೆನ್ಸ್ ಬಂದ ಮೇಲೆ ಅದು ಇಳಿಯಿತು, ಕೊಲೋಡಿಯನ್ ಬಂದು ಸೆಕೆಂಡುಗಳಿಗೆ ಬಂತು. ಆದರೆ ನಗುವನ್ನು ಎಂಟು ಸೆಕೆಂಡು ಹಿಡಿದು ನೋಡಿ, ಐದನೆಯದಕ್ಕೆ ಅದು ಹಲ್ಲುನೋವಾಗಿರುತ್ತದೆ. ರೆಪ್ಪೆ ಬಡಿಯಬಹುದು, ಅದು ದಾಖಲಾಗುವುದೇ ಇಲ್ಲ. ದೃಷ್ಟಿ ಮಾತ್ರ ಒಂದೇ ಕಡೆ ಇರಬೇಕು.

ರಾಯರು ಅತ್ತೆಯ ಮುಖದ ಕಡೆ ನೋಡಲೇ ಇಲ್ಲ. "ಅಮ್ಮ, ಕೈ ಎಲ್ಲಿಡ್ತೀರಿ?" ಎಂದು ಕೇಳಿದರು. ಅತ್ತೆ ಕೈ ಚಾಚಿ, ಮಡಿಸಿ, ಮತ್ತೆ ಚಾಚಿ ಪೇಚಾಡಿದರು. ದಿನಾ ಓದುವ ಪುಸ್ತಕ ತರಿಸಿ ತೊಡೆಯ ಮೇಲಿಟ್ಟು, ಒಂದು ಬೆರಳು ಹಾಳೆಯ ನಡುವೆ ಇಡಿಸಿದರು. ಅಷ್ಟೇ, ಹೆಗಲು ಇಳಿಯಿತು, ಮುಖದ ಬಿಗಿ ಹೋಯಿತು. ಎಡಿನ್‌ಬರೋದ ಹಿಲ್ ಮತ್ತು ಆಡಮ್‌ಸನ್ 1843ರಿಂದ ನಾಲ್ಕೈದು ವರ್ಷ ತೆಗೆದ ಭಾವಚಿತ್ರಗಳಲ್ಲಿ ಜನ ಹೀಗೆಯೇ ಪುಸ್ತಕ ಹಿಡಿದು, ಕೆನ್ನೆಗೆ ಕೈಯೂರಿ ಕೂತಿರುತ್ತಾರೆ. ಹಿಲ್ ಚಿತ್ರಕಾರ, ಕೂರಿಸುವವನು; ರಾಬರ್ಟ್ ಆಡಮ್‌ಸನ್ ಕ್ಯಾಮೆರಾ, ರಾಸಾಯನಿಕ ನೋಡಿಕೊಳ್ಳುವವನು. ಆಡಮ್‌ಸನ್ 1848ರಲ್ಲಿ ಇಪ್ಪತ್ತಾರಕ್ಕೆ ತೀರಿಕೊಂಡ ಮೇಲೆ ಹಿಲ್ ಒಬ್ಬನಿಗೆ ಆ ಮಟ್ಟ ಮತ್ತೆ ಸಿಗಲಿಲ್ಲ. ಯಾರು ಕಲಾವಿದ, ಯಾರು ಕಸುಬುದಾರ ಎಂದು ಆ ಜೋಡಿಯನ್ನು ಬಿಡಿಸಿ ಹೇಳುವವರನ್ನು ನಾನಂತೂ ನಂಬುವುದಿಲ್ಲ. ನಮ್ಮ ತಾರಸಿಯಲ್ಲಿ ಆ ದಿನ ಕಸುಬು ನನ್ನದು, ಇನ್ನೊಂದು ರಾಯರದು.

ನಾನು ಮೇಲೆ ಸುರಿದೆ, ಕೆಳಗೆ ಓಡಿದೆ, ಬೆಳ್ಳಿಯಲ್ಲಿ ಮುಳುಗಿಸಿ ಕಾದೆ, ತಂದು ಕ್ಯಾಮೆರಾಕ್ಕೆ ಸಿಕ್ಕಿಸಿದೆ. ಲೆನ್ಸಿನ ಮುಚ್ಚಳ ತೆಗೆದು ಬಾಯಲ್ಲಿ ಎಣಿಸಿದೆ. ಈ ಎಣಿಕೆಯ ಹೊತ್ತು ವಿಚಿತ್ರ. ಇಬ್ಬರೂ ಮಾತಾಡುವಂತಿಲ್ಲ, ಒಬ್ಬರನ್ನೊಬ್ಬರು ನೋಡುತ್ತಲೇ ಇರಬೇಕು. ನನಗೆ ಬುದ್ಧಿ ಬಂದಾಗಿನಿಂದ ಅತ್ತೆ ಗೊತ್ತು, ಆದರೆ ಅಷ್ಟು ಹೊತ್ತು ಅವರ ಮುಖವನ್ನು ಹಾಗೆ ನೋಡಿದ್ದೇ ಇಲ್ಲ. ಫೋನಿನಲ್ಲಿ ಕ್ಲಿಕ್ಕಿಸುವಾಗ ನಾವು ನೋಡುವುದು ಪರದೆಯನ್ನು.

ಮೊದಲ ಪ್ಲೇಟಿನಲ್ಲಿ ಮುಖದ ಮೇಲೆ ಅಡ್ಡಡ್ಡ ಪಟ್ಟೆ. ಡೆವಲಪರ್ ಒಂದೇ ಬೀಸಿಗೆ ಗಾಜಿನ ಮೇಲೆಲ್ಲ ಹರಡದಿದ್ದರೆ ಹೀಗಾಗುತ್ತದೆ. ಜತೆಗಿದ್ದ ಎದುರುಮನೆಯ ಹುಡುಗ, "ಇದೇ ಸಕತ್ತಾಗಿದೆ ಅಂಕಲ್, ವಿಂಟೇಜ್ ಲುಕ್" ಎಂದ. ಈಗ ಈ ವಿಧಾನ ಮಾಡುವವರಲ್ಲಿ ಹಲವರು ಹಾಗೆಯೇ ಅನ್ನುತ್ತಾರೆ. ಪಟ್ಟೆ, ಬಿರುಕು, ಬೆರಳಚ್ಚು ಇದ್ದಷ್ಟೂ ಕಲೆಯಂತೆ. ಆಧಾರಕ್ಕೆ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಹೆಸರು ಎತ್ತುತ್ತಾರೆ. ಕಲ್ಕತ್ತದಲ್ಲಿ ಹುಟ್ಟಿದ ಆ ಹೆಂಗಸು ನಲವತ್ತೆಂಟರ ವಯಸ್ಸಿನಲ್ಲಿ, 1863ರ ಕೊನೆಗೆ, ಮಗಳು ಅಳಿಯ ಕೊಟ್ಟ ಕ್ಯಾಮೆರಾ ಹಿಡಿದರು. ಕಲ್ಲಿದ್ದಲು ತುಂಬುವ ಕೊಠಡಿ ಕತ್ತಲ ಕೋಣೆಯಾಯಿತು, ಕೋಳಿಗೂಡು ಸ್ಟುಡಿಯೋ ಆಯಿತು. ಫೋಕಸ್ ಇಲ್ಲ, ಪ್ಲೇಟ್ ಕೊಳಕು ಎಂದು ಆ ಕಾಲದ ಫೋಟೋಗ್ರಾಫರುಗಳು ಹೀಗಳೆದರು. ಅವರ ಮುಖಗಳ ಮುಂದೆ ನಿಂತರೆ ಹೀಗಳೆದವರ ಹೆಸರೂ ನೆನಪಾಗುವುದಿಲ್ಲ, ನಿಜ. ಆದರೆ ಅವು ನಿಲ್ಲುವುದು ಬೆಳಕಿನಿಂದ, ಅಷ್ಟು ಹತ್ತಿರ ಹೋಗುವ ಧೈರ್ಯದಿಂದ, ಮಚ್ಚೆಗಳಿಂದಲ್ಲ. ನನ್ನ ಮಟ್ಟಿಗೆ, ಅತ್ತೆಯ ಮುಖ ನೋಡಬೇಕಾದ ಕಡೆ ನನ್ನ ಡೆವಲಪರಿನ ಪಟ್ಟೆ ನೋಡುವಂತಾದರೆ ಅದು ತೊಳೆದು ಮತ್ತೆ ಮಾಡಬೇಕಾದ ಪ್ಲೇಟು. ತೊಳೆದೆ.

ಸರಿಯಾದದ್ದು ಬಂದಾಗ ಹೊತ್ತು ಹನ್ನೊಂದು ದಾಟಿತ್ತು. ಹೈಪೋದ ತಟ್ಟೆಗೆ ಹಾಕುವ ಹೊತ್ತಿಗೆ ಚಿತ್ರ ನೀಲಿಬೂದು ಮಬ್ಬಿನ ನೆಗೆಟಿವ್. ನೋಡುತ್ತಿದ್ದಂತೆ ಮಬ್ಬು ಕರಗಿ, ಕೆಳಗಿಟ್ಟ ಕಪ್ಪು ಬಟ್ಟೆಯ ಮೇಲೆ ಪಾಸಿಟಿವ್ ಆಗಿ ತಿರುಗುತ್ತದೆ. ಇದನ್ನು ಕೂತವರಿಗೇ ತೋರಿಸಿ, ಕೆಂಪು ದೀಪವೂ ಬೇಕಿಲ್ಲ ಆ ಹಂತಕ್ಕೆ. ಅತ್ತೆ ಬಗ್ಗಿ ನೋಡಿ, "ಇದು ನಾನೇ" ಎಂದರು. ಮಾವ, "ಏನೋ ಬೇರೆ ಥರ ಇದೆಯಲ್ಲೇ" ಎಂದರು. ಇಬ್ಬರೂ ಹೇಳಿದ್ದು ಸರಿ. ಗಾಜಿನ ಪಾಸಿಟಿವ್‌ನಲ್ಲಿ ಎಡಬಲ ತಿರುಗಿರುತ್ತದೆ. ಸೆರಗು ಬಲ ಹೆಗಲಿಗೆ ಬಂದಿತ್ತು, ಗಲ್ಲದ ಮಚ್ಚೆ ಪಕ್ಕ ಬದಲಿಸಿತ್ತು, ಮೂಗುಬೊಟ್ಟೂ. ಎಪ್ಪತ್ತೊಂಬತ್ತು ವರ್ಷ ಕನ್ನಡಿಯಲ್ಲಿ ನೋಡಿಕೊಂಡ ಅತ್ತೆಗೆ ಅದೇ ತನ್ನ ಮುಖ. ಎದುರಿನಿಂದ ನೋಡಿದ ನಮಗೆ ಅಲ್ಲ. ಹುಬ್ಬಿನ ನಡುವೆ ಕುಂಕುಮ ಕಪ್ಪಗೆ ಕೂತಿತ್ತು. "ದೃಷ್ಟಿಬೊಟ್ಟು ಇಟ್ಟ ಹಾಗಿದೆ, ಒಳ್ಳೇದೇ ಆಯ್ತು ಬಿಡು" ಎಂದರು.

ಚೆನ್ನಾಗಿ ತೊಳೆದು ಒಣಗಿಸಿದ ಮೇಲೆ ವಾರ್ನಿಷ್ ಹಾಕಲೇಬೇಕು, ಇಲ್ಲದಿದ್ದರೆ ಬೆಳ್ಳಿ ಗಾಳಿಗೆ ಕಪ್ಪಾಗುತ್ತದೆ, ಬೆರಳು ತಗುಲಿದರೂ ಗೀರು ಬೀಳುತ್ತದೆ. ಸ್ಯಾಂಡರಾಕ್ ಅಂಟು, ಲ್ಯಾವೆಂಡರ್ ಎಣ್ಣೆ ಪುಸ್ತಕದ ಪಾಕ. ದುಬಾರಿ, ಹೊರದೇಶದಿಂದ ತರಿಸಬೇಕು. ನಾನು ಬಡಗಿ ಕೊಟ್ಟ ಅರಗನ್ನೇ ತೆಳುವಾಗಿ ಕರಗಿಸಿ, ಗಾಜನ್ನು ಬೆಚ್ಚಗೆ ಮಾಡಿ ಸುರಿದೆ. ಬಣ್ಣ ಸ್ವಲ್ಪ ಬೆಚ್ಚಗಾಯಿತು, ನನಗೆ ಇಷ್ಟವಾಯಿತು. ಮೊದಲು ಯಾರದೋ ಕೆಟ್ಟ ಪ್ಲೇಟಿನ ಮೇಲೆ ಪ್ರಯೋಗ ಮಾಡಿ. ಅರಗಿನಲ್ಲಿ ಆಲ್ಕೋಹಾಲ್ ಹೆಚ್ಚಾದರೆ ಚಿತ್ರದ ಪೊರೆಯನ್ನೇ ಕರಗಿಸಿಬಿಡುತ್ತದೆ.

ಬಳಸಿದ ಹೈಪೋ, ತೊಳೆದ ಮೊದಲ ನೀರು ಚರಂಡಿಗೆ ಸುರಿಯಬೇಡಿ, ಅದರಲ್ಲಿ ಬೆಳ್ಳಿಯಿದೆ. ಬೆಳ್ಳಿ ನೈಟ್ರೇಟ್ ತೊಳೆದ ನೀರಿಗೆ ಅಡಿಗೆ ಉಪ್ಪು ಹಾಕಿದರೆ ಬೆಳ್ಳಗೆ ತಳಕ್ಕೆ ಕೂರುತ್ತದೆ, ಸೋಸಿಟ್ಟುಕೊಳ್ಳಿ. ಹೈಪೋವನ್ನು ಕ್ಯಾನಿನಲ್ಲಿ ಕೂಡಿಟ್ಟಿದ್ದೇನೆ, ಎಕ್ಸ್‌ರೇ ಫಿಲ್ಮಿನ ಬೆಳ್ಳಿ ತೆಗೆಯುವವರು ಒಯ್ಯಲು ಒಪ್ಪಿದ್ದಾರೆ. ಕಣ್ಣಿಗೆ ಕನ್ನಡಕ ಹಾಕದೆ ಬೆಳ್ಳಿ ದ್ರಾವಣದ ಬಳಿ ಹೋಗಲೇಬೇಡಿ. ಕೈಗೆ ಬಿದ್ದರೆ ಕಪ್ಪು, ಕಣ್ಣಿಗೆ ಬಿದ್ದರೆ ಕುರುಡು.

ಒಟ್ಟು ಖರ್ಚು, ರಾಯರ ಕ್ಯಾಮೆರಾ ಪುಕ್ಕಟೆ ಸಿಕ್ಕಿಯೂ, ಮೂವತ್ತು ಸಾವಿರದ ಹತ್ತಿರ ಹೋಯಿತು. ಅರ್ಧ ಬೆಳ್ಳಿ ಮತ್ತು ಕೊಲೋಡಿಯನ್, ಉಳಿದದ್ದು ಕಲಿಕೆ, ಮರಗೆಲಸ, ಗಾಜು, ಪೆಟ್ರೋಲು. ಈಗ ಶುರುಮಾಡುವವರಿಗೆ ನನ್ನ ಸಲಹೆ, ಕಾಗದಪತ್ರವನ್ನು ಮಳೆಗಾಲದಲ್ಲಿ ಮುಗಿಸಿಕೊಳ್ಳಿ, ಸಾಮಾನು ನವೆಂಬರಿನಲ್ಲಿ ತನ್ನಿ, ಫೆಬ್ರವರಿ ಮುಗಿಯುವುದರೊಳಗೆ ಕೂರಿಸಬೇಕಾದವರನ್ನು ಕೂರಿಸಿ. ಮಾವನಿಗೂ ಒಂದು ಬೇಕಂತೆ, ಅವರ ನೀಲಿ ಸಫಾರಿಯಲ್ಲಿ. ಅದು ಬಿಳಿಯಾಗುತ್ತದೆ ಎಂದರೆ, "ಆಗ್ಲಿ, ರಿಟೈರ್ ಆದಾಗ ಹೊಲಿಸಿದ್ದು, ಬಿಳೀದೇ ಬೇಕಿತ್ತು ನಂಗೆ" ಎನ್ನುತ್ತಾರೆ. ಇನ್ನೆರಡು ವಾರದ ಚಳಿ ಉಳಿದಿದೆ, ಡಿಸ್ಟಿಲ್ಡ್ ವಾಟರ್ ತರಬೇಕು.